ಅಮ್ಮನ ಮೊಣಕಾಲು

ಬೆಳಿಗ್ಗೆ ಮಾಟುಂಗಾ ನಿಲ್ದಾಣದ ಮೆಟ್ಟಿಲು ಹತ್ತುವಾಗ ಅಮ್ಮ ನಾಲ್ಕು ಸಲ ನಿಂತರು. ಪ್ರತಿ ಸಲವೂ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಿಂದ ಸೀರೆಯ ಮೇಲಿಂದಲೇ ಮೊಣಕಾಲಿನ ಚಿಪ್ಪನ್ನು ಒತ್ತಿಕೊಂಡು, "ನೀನು ನಡಿ, ಬರುತ್ತೇನೆ" ಎಂದರು. ಮಲ್ಲಿಗೆಯ ಪೊಟ್ಟಣವನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ.

ಎರಡು ವರ್ಷದ ಹಿಂದೆ ಮುರಿದಿದ್ದ ಅವರ ಮಣಿಕಟ್ಟು ಆರೇ ವಾರದಲ್ಲಿ ಕೂಡಿಕೊಂಡಿತ್ತು. ಮೂಳೆಗೆ ರಕ್ತದ ಹರಿವಿದೆ, ಮುರಿದ ಕಡೆ ಹೊಸ ಮೂಳೆಯೇ ಬೆಳೆಯುತ್ತದೆ. ಕೀಲಿನೊಳಗೆ ಮೂಳೆಗಳ ತುದಿಗೆ ಹೊದಿಕೆಯಂತಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಸವೆದರೆ ಸವೆದ ಹಾಗೆಯೇ. 1743ರಲ್ಲೇ ವಿಲಿಯಂ ಹಂಟರ್ ಎಂಬ ವೈದ್ಯರು, ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬಾರದು ಎಂದು ಬರೆದಿದ್ದರು. 1994ರಲ್ಲಿ ಸ್ವೀಡನ್ನಿನ ವೈದ್ಯರು ರೋಗಿಯದೇ ಮೃದ್ವಸ್ಥಿಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಮೊಣಕಾಲಿನೊಳಗೆ ಮತ್ತೆ ಕೂರಿಸಿದ ವರದಿ ಪ್ರಕಟಿಸಿದರು. ಓದುವಾಗ ಕಣ್ಣು ತುಂಬಿ ಬಂತು. ಆದರೆ ಅದು ಪೆಟ್ಟಿನಿಂದಾದ ಸಣ್ಣ ಕುಳಿಗಳಿಗೆ. ಅಮ್ಮನಂತೆ ಇಡೀ ಕೀಲು ಸವೆದವರಿಗೆ ಒಗ್ಗುವುದಿಲ್ಲ.

ಇಡೀ ಕೀಲಿಗೂ ಮೃದ್ವಸ್ಥಿ ಬೆಳೆಸುವ ಕೆಲಸ ಮಾಡುತ್ತಿರುವವರು ಬೇಗ ದಡ ಮುಟ್ಟಲಿ. ಅಮ್ಮ ಈಗ ಕಾಲು ಚಾಚಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದಾರೆ. ನಾನು ಬಿಸಿನೀರಿನ ಚೀಲ ತುಂಬಿಸುತ್ತಿದ್ದೇನೆ.