ಕರ್ಚೀಫಿನಲ್ಲಿ ಸುತ್ತಿದ ಪಂಪು

ಆ ಅವ್ವ ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನಾಲ್ಕು ದಿನವಾದರೂ ಕಣ್ಣಿಂದ ಹೋಗುತ್ತಿಲ್ಲ. ಬಳೆ ಒತ್ತಿ ಹುಡುಗಿಯ ಕೈ ಕೆಂಪಗಾಗಿತ್ತು.

ಸೋಮವಾರ ಜೇವರ್ಗಿಯಿಂದ ಕಲಬುರಗಿಗೆ ವಾಪಸ್ ಬರುತ್ತಿದ್ದೆ. ತೊಗರಿ ರಾಶಿಯ ಕಾಲ. ಕಟ್ಟಿ ಸಂಗಾವಿ ಸೇತುವೆ ದಾಟಿ ಸ್ವಲ್ಪ ದೂರ ಬಂದಿದ್ದೆವು, ರಸ್ತೆ ಬದಿಯ ಹೊಲದಲ್ಲಿ ರಾಶಿ ಮಷಿನ್ ನಡೆದಿತ್ತು. ಹೊಟ್ಟಿನ ಧೂಳು ಒಮ್ಮೆಲೇ ಬಸ್ಸಿನೊಳಗೆ ನುಗ್ಗಿತು. ನನ್ನ ಕಿಟಕಿಯ ಗಾಜು ಎಷ್ಟು ಎಳೆದರೂ ಸರಿಯಲಿಲ್ಲ.

ನನಗೆ ದಮ್ಮು, ಅಂದರೆ ಅಸ್ತಮಾ, ಹತ್ತಿತು. ದಮ್ಮು ಹತ್ತಿದರೆ ಉಸಿರು ಒಳಗೆ ಬರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಹೆಚ್ಚಿನ ಕಷ್ಟ ಹೊರಗೆ ಬಿಡುವುದರಲ್ಲಿದೆ. ಶ್ವಾಸನಾಳ ಬಿಗಿದು, ಒಳಪದರ ಊದಿ, ಕಫ ಕಟ್ಟಿ, ಹಳೇ ಗಾಳಿ ಎದೆಯಲ್ಲೇ ನಿಂತುಬಿಡುತ್ತದೆ. ಅದು ಜಾಗ ಬಿಡದಿದ್ದರೆ ಹೊಸದು ಎಲ್ಲಿ ಹಿಡಿಸಬೇಕು?

ಬ್ಯಾಗಿನಿಂದ ನೀಲಿ ಪಂಪು, ಅಂದರೆ ಇನ್ಹೇಲರ್, ತೆಗೆದು ಒತ್ತಿದೆ. ಪುಸ್ ಅಂದಿತು, ಗಂಟಲಿಗೆ ತಂಪೂ ತಾಗಿತು, ಎದೆ ಮಾತ್ರ ಸಡಿಲಾಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗ ಹೊಳೆಯಿತು. ಒಂದು ಡಬ್ಬಿಯಲ್ಲಿ 200 ಪಫ್ ಇರುತ್ತವೆ. ಔಷಧ ಮುಗಿದ ಮೇಲೂ ಗ್ಯಾಸ್ ಬರುತ್ತಿರುತ್ತದೆ, ಅಲುಗಾಡಿಸಿದರೆ ಒಳಗೇನೋ ಇದ್ದಂತೆ ಸದ್ದೂ ಆಗುತ್ತದೆ. ಎಣಿಕೆ ತೋರಿಸುವ ಕಿಂಡಿ ನನ್ನದಕ್ಕಿರಲಿಲ್ಲ. ಇಪ್ಪತ್ತು ವರ್ಷದಿಂದ ದಮ್ಮಿನ ಜೊತೆ ಬದುಕುತ್ತಿರುವವಳು ನಾನು, ಲೆಕ್ಕ ಇಡದಿದ್ದದ್ದು ನನ್ನದೇ ತಪ್ಪು.

ಬಸ್ಸಿನಲ್ಲಿದ್ದವರೆಲ್ಲ ಒಳ್ಳೇ ಮಂದಿಯೇ. ಒಬ್ಬರು ಮಲಗಸ್ರಿ ಅಂದರು. ಒಬ್ಬರು ಉಳ್ಳಾಗಡ್ಡಿ ಮೂಸಸ್ರಿ ಅಂದರು. ಒಬ್ಬ ಕಾಕಾ, “ಮಿರಗಕ್ಕ ಹೈದ್ರಾಬಾದಿಗಿ ಹೋಗಿ ಮೀನ ನುಂಗ್ರಿ ತಂಗಿ,” ಅಂದರು. ದಮ್ಮಿಗೆಂದು ಹೈದರಾಬಾದಿನಲ್ಲಿ ಮೀನಿನ ಔಷಧ ಕೊಡುವ ಆ ಮಿರಗ, ಅಂದರೆ ಮೃಗಶಿರಾ ಮಳೆ, ಬರುವುದು ಜೂನ್‌ನಲ್ಲಿ. ನನಗೆ ಬೇಕಾಗಿದ್ದದ್ದು ಆ ನಿಮಿಷಕ್ಕೆ. ಮಲಗಿದರೆ ಇನ್ನೂ ಕಷ್ಟ, ನನ್ನನ್ನು ಒತ್ತಬೇಡಿ ಎಂದು ಹೇಳಲು ಉಸಿರಿರಲಿಲ್ಲ.

ಪಕ್ಕದ ಸಾಲಿನ ಹುಡುಗಿ, ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು, ತನ್ನ ಬ್ಯಾಗಿನ ತಳಕ್ಕೆ ಕೈ ಹಾಕಿದಳು. ಆಗಲೇ ಅವ್ವ ಆ ಕೈ ಹಿಡಿದದ್ದು.

“ಬ್ಯಾಡ. ಮಂದಿ ನೋಡ್ಲತ್ತಾರ.”

“ಅಕ್ಕೋರಿಗಿ ಮಾತೇ ಬರ್ಲತ್ತಿಲ್ಲ ನೋಡು ಯವ್ವ.”

“ನಾಳಿಗಿ ನೋಡ್ಲಾಕ ಬರೋರಿದ್ದಾರ. ಗೊತ್ತಾದ್ರ?”

ಹುಡುಗಿ ಏನೂ ಅನ್ನಲಿಲ್ಲ. ಇನ್ನೊಂದು ಕೈಯಿಂದ ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಾಲ್ಕು ಮಡಿಕೆ ಹಾಕಿದ ಕರ್ಚೀಫು, ಮೂಲೆಯಲ್ಲಿ ಗುಲಾಬಿ ದಾರದ ಹೂವು, ಒಳಗೆ ನೀಲಿ ಪಂಪು. ಪಂಪಿನ ಬಾಯಿಯನ್ನು ಓಢಣಿಯಿಂದ ಒರೆಸಿ, ಅಲುಗಾಡಿಸಿ ಹಿಡಿದಳು. “ನೆಟ್ಟಗ ಕೂಡ್ರಿ. ಉಸುರು ಪೂರಾ ಬಿಡ್ರಿ. ಈಗ ಎಳೀರಿ, ಹಿಡೀರಿ. ನಾ ಎಣಸ್ತೀನಿ.” ಒಂದೊಂದೇ ಪಫ್, ನಡುವೆ ಬಿಡುವು. ನಾಲ್ಕಾದ ಮೇಲೆ ಮೊಬೈಲಿನಲ್ಲಿ ನಾಲ್ಕು ನಿಮಿಷ ನೋಡಿದಳು, ಮತ್ತೆ ನಾಲ್ಕು ಕೊಟ್ಟಳು. ಫರಹತಾಬಾದ್ ಬರುವ ಹೊತ್ತಿಗೆ “ಸಾಕವ್ವ” ಅನ್ನುವಷ್ಟು ದನಿ ಬಂತು. ಅವ್ವ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಆಮೇಲೆ ಪಂಪನ್ನು ತಾನೇ ತೆಗೆದುಕೊಂಡು, ಅದೇ ನಾಲ್ಕು ಮಡಿಕೆ ಹಾಕಿ ಸುತ್ತಿದಳು. ರಾಮಮಂದಿರದ ಹತ್ತಿರ ಇಬ್ಬರೂ ಇಳಿದರು. ಹೆಸರು ಕೇಳಲಿಲ್ಲ ನಾನು.

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದಾಗ ಆಕ್ಸಿಜನ್ 92 ಇತ್ತು. ನೆಬ್ಯುಲೈಸರ್ ಹಚ್ಚಿದರು, ಐದು ದಿನಕ್ಕೆ ಗುಳಿಗೆ ಬರೆದರು. ನೀಲಿ ಪಂಪು ಬಿಗಿದ ನಾಳವನ್ನು ಸಡಿಲಿಸುತ್ತದೆ, ಊತ ಇಳಿಸುವುದಿಲ್ಲ. ಊತಕ್ಕೆ ಸ್ಟೀರಾಯ್ಡ್ ಪಂಪೇ ಬೇಕು. ದೊಡ್ಡವರು ನೀಲಿಯೊಂದನ್ನೇ ನಂಬಿ ಕೂರಬಾರದು ಎಂದು ಜಾಗತಿಕ ಮಾರ್ಗಸೂಚಿಯೇ 2019ರಿಂದ ಹೇಳುತ್ತಿದೆಯಂತೆ. ಡಾಕ್ಟರ್ ಬೈಯಲಿಲ್ಲ, ಆದರೆ ಬೈದಿದ್ದರೂ ಕೇಳುತ್ತಿದ್ದೆ.

ಅವತ್ತು ರಾತ್ರಿಯೆಲ್ಲ ಆ ಅವ್ವನ ಮೇಲೆ ಸಿಟ್ಟು. ಒಂದು ಜೀವಕ್ಕಿಂತ ನೋಡಲು ಬರುವವರು ಹೆಚ್ಚೇ? ಮರುದಿನ ಬೆಳಿಗ್ಗೆ ಹೊಸ ಪಂಪು ಹಿಡಿದು ಬಚ್ಚಲಿಗೆ ಹೋದೆ. ನನಗೇ ಗೊತ್ತಿಲ್ಲದೆ ಕೈ ನಲ್ಲಿ ತಿರುವಿತ್ತು. ನೀರು ಸುರಿಯುತ್ತಿತ್ತು, ನಾನು ನೋಡುತ್ತಾ ನಿಂತೆ.

ಮದುವೆಯಾದ ಮೇಲೆ ಹನ್ನೊಂದು ವರ್ಷ ಹೀಗೇ ಮಾಡಿದವಳು ನಾನು. ಪುಸ್ ಅನ್ನುವ ಸದ್ದು ಹೊರಗೆ ಕೇಳಬಾರದೆಂದು ನಲ್ಲಿ ಬಿಡುತ್ತಿದ್ದೆ. “ದಿನಾ ನೀರು ಬರದ ಊರಾಗ ಹಿಂಗ ಸುರೀತಾರೇನು?” ಎಂದು ಅತ್ತೆ ಬೈಯುತ್ತಿದ್ದರು. ನೀರು ಹಾಳು ಮಾಡುವ ಸೊಸೆ ಅನ್ನಿಸಿಕೊಂಡೆ, ದಮ್ಮಿನ ಸೊಸೆ ಅನ್ನಿಸಿಕೊಳ್ಳಲಿಲ್ಲ. “ಎರಡು ಮಕ್ಕಳಾಗೋ ತನಾ ಬಾಯಿ ಬಿಡಬ್ಯಾಡ,” ಎಂದು ನನ್ನವ್ವ ಹೇಳಿ ಕಳಿಸಿದ್ದಳು. ಅತ್ತೆ ಈಗಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ಆದರೂ ಕೈ ನಲ್ಲಿಗೇ ಹೋಗುತ್ತದೆ. ನನ್ನವ್ವನೂ ಹೀಗೇ ನನ್ನ ಮಣಿಕಟ್ಟು ಹಿಡಿದಿದ್ದಳು. ಅವಳ ಬೆರಳು ಬಿಡಿಸಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಹೊಸ ಪಂಪಿಗೆ ಅಂಟುಪಟ್ಟಿ ಹಚ್ಚಿ ಶುರು ಮಾಡಿದ ತಾರೀಖು ಬರೆದಿದ್ದೇನೆ. ಹೊರಗಿನ ಕೋಣೆಯಲ್ಲಿ ಟಿವಿಯ ಪಕ್ಕ ಇಟ್ಟಿದ್ದೇನೆ. ಅವಳ ಡಬ್ಬಿಯಲ್ಲಿ ಎಷ್ಟಿದ್ದವೋ, ಎಂಟು ನಾನೇ ಎಳೆದುಬಿಟ್ಟೆ. ಅದು ಖಾಲಿಯಾದ ದಿನ ಹೊಸದು ತರಲು ಅವ್ವ ತಮ್ಮ ಓಣಿಯ ಮೆಡಿಕಲ್‌ಗೇ ಹೋಗುತ್ತಾಳೋ, ಗುರುತಿನವರಿಲ್ಲದ ಅಂಗಡಿ ಹುಡುಕುತ್ತಾ ಇನ್ನೊಂದು ದಿನ ತಡಮಾಡುತ್ತಾಳೋ.