ಹುಣಸೆಮರದವರೆಗೆ

ಕೊಡೆ ಮೇಷ್ಟ್ರು ತೀರಿಕೊಂಡರು ಅಂತ ನಮ್ಮ 1986ರ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ನಾನು ಬ್ಯಾಂಕಿನಲ್ಲಿ ಕ್ಯಾಶ್ ಟ್ಯಾಲಿ ಮಾಡುತ್ತಿದ್ದೆ. ಎರಡು ಸಲ ಎಣಿಸಿದರೂ ಲೆಕ್ಕ ಕೂಡಲಿಲ್ಲ. ಕೊನೆಗೆ ಪಕ್ಕದ ಕೌಂಟರಿನ ಹುಡುಗನೇ ಎಣಿಸಿಕೊಟ್ಟ.

ಅವರು ನಮಗೆ ಕನ್ನಡ ಹೇಳಿಕೊಟ್ಟವರು. ಬಿಸಿಲಿರಲಿ, ಮಳೆಯಿರಲಿ, ಎರಡೂ ಇಲ್ಲದಿರಲಿ, ಮರದ ಹಿಡಿಯ ಕರಿ ಕೊಡೆ ಅವರ ಕಂಕುಳಲ್ಲಿ ಇದ್ದೇ ಇರುತ್ತಿತ್ತು. ಯಾವ ಪಾಠ ಮಾಡಿದರು ಅಂತ ಈಗ ಕೇಳಿದರೆ ನನಗೆ ಒಂದೂ ಸರಿಯಾಗಿ ನೆನಪಿಲ್ಲ. ಅವರು ಪಾಠ ಬಿಟ್ಟು ಮಾತಾಡಿದ್ದೆಲ್ಲ ನೆನಪಿದೆ.

ನಮ್ಮದು ತುಮಕೂರು ಜಿಲ್ಲೆ. ಗುಬ್ಬಿಗೆ ಒಂದೇ ಬಸ್ಸು. ಮೇಷ್ಟ್ರು ಹುಡುಗರಾಗಿದ್ದಾಗ ಅಪ್ಪನ ಜೊತೆ ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ನೋಡಿದ್ದರಂತೆ. ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದ ನಾಟಕ. ನಾವು ಆನೆಯ ಕಥೆ ಕೇಳಲು ಬಾಯಿ ಬಿಟ್ಟು ಕೂತರೆ ಅವರು ಹೇಳುತ್ತಿದ್ದದ್ದೇ ಬೇರೆ. “ಆನೆ ಎಲ್ಲಾರಿಗೂ ಕಾಣುತ್ತೆ ಕಣ್ರೋ. ನಾನು ಕೂತಿದ್ದು ನೆಲದ ಟಿಕೆಟ್ಟಲ್ಲಿ, ಕಟ್ಟಕಡೆಗೆ. ಅಲ್ಲಿಗೂ ಒಂದೊಂದು ಮಾತೂ ಬಂತಲ್ಲ, ಅದು ವಿದ್ಯೆ.”

ಆಗ ಊರಿನ ಟೆಂಟಿನಲ್ಲಿ ರಾಜ್‌ಕುಮಾರ್ ಸಿನಿಮಾ ಬಂದರೆ ಹೆಣ್ಣುಮಕ್ಕಳಿಗೆಲ್ಲ ಮಾಧವಿಯ ಹುಚ್ಚು. ಅವರ ಕಣ್ಣಿಗಿಂತ ನನಗೆ ಮಾತು ಇಷ್ಟ. ಕನ್ನಡ ಎಷ್ಟು ಸ್ಪಷ್ಟ, ಎಷ್ಟು ತುಂಬಿದ ದನಿ! ಕ್ಲಾಸಿನಲ್ಲಿ ಒಂದು ದಿನ ಹಾಗಂದೆ. ಮೇಷ್ಟ್ರು ನಕ್ಕು, “ಆ ಹೆಣ್ಣುಮಗಳು ತೆಲುಗಿನವಳಮ್ಮ. ನೀನು ಕೇಳಿದ್ದು ನಮ್ಮ ಗುಬ್ಬಿ ವೀರಣ್ಣನವರ ಮೊಮ್ಮಗಳ ದನಿ. ಬಿ. ಜಯಶ್ರೀ ಅಂತ,” ಅಂದರು. ನಾನು ನಂಬಲಿಲ್ಲ. ಮನೆಗೆ ಹೋಗಿ ಅತ್ತೆಗೆ ಹೇಳಿದೆ, ಅವರೂ ನಂಬಲಿಲ್ಲ. ಮಾಧವಿ, ಜಯಪ್ರದಾ, ಅಂಬಿಕಾ, ಸುಮಲತಾ, ಇಷ್ಟು ಜನ ನಾಯಕಿಯರಿಗೆ ಒಬ್ಬರೇ ದನಿ ಕೊಟ್ಟಿದ್ದಾರೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಗಿನ ಡಬ್ಬಿಂಗ್ ಈಗಿನ ಹಾಗೆ ಸಲೀಸಲ್ಲ. ಫಿಲ್ಮನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನೂ ಸುತ್ತಿ ಸುತ್ತಿ ಪರದೆಗೆ ಬಿಡುತ್ತಿದ್ದರು. ಅಲ್ಲಿ ತುಟಿ ಮುಚ್ಚಿದಾಗ ಇಲ್ಲಿ ಪ, ಬ, ಮ ಬೀಳಬೇಕು. ಅಷ್ಟಾದರೆ ಸಾಲದು, ಇನ್ನೊಬ್ಬರ ಕಣ್ಣಿನ ಅಳು ಇವರ ಗಂಟಲಿಗೆ ಬರಬೇಕು.

ನನ್ನ ಗಂಟಲಿನ ಕಥೆ ಶುರುವಾದದ್ದು ಒಂದು ಕಿತಾಪತಿಯಿಂದ. ಒಂಬತ್ತನೇ ಕ್ಲಾಸು, ಶಾಲಾ ವಾರ್ಷಿಕೋತ್ಸವದ ಮುನ್ನಾದಿನ. ಬಾಡಿಗೆಗೆ ತಂದ ಮೈಕ್ ಸೆಟ್ಟನ್ನು ಸ್ಟಾಕ್ ರೂಮಿನಲ್ಲಿ ಇಟ್ಟಿದ್ದರು, ಹಾರ್ನ್ ಆಗಲೇ ಮಾಳಿಗೆ ಮೇಲೆ ಏರಿತ್ತು. ನಾನು ಹೆಡ್‌ಮಿಸ್ ದನಿಯನ್ನು ಅವರ ಕೆಮ್ಮಿನ ಸಮೇತ ಮಾಡುತ್ತಿದ್ದೆ. ಗೆಳತಿಯರು ಸ್ವಿಚ್ ಒತ್ತಿಯೇಬಿಟ್ಟರು. ಒಮ್ಮೆ ಕೆಮ್ಮಿ, “ಮಧ್ಯಾಹ್ನದ ಮೇಲೆ ತರಗತಿಗಳು ಇರುವುದಿಲ್ಲ, ಮಕ್ಕಳು ಸಾಲಾಗಿ ಮನೆಗೆ ಹೊರಡತಕ್ಕದ್ದು” ಅಂದೆ. ಎರಡು ನಿಮಿಷಕ್ಕೆ ಗೇಟು ತುಂಬಿತು. ಡ್ರಾಯಿಂಗ್ ಮೇಷ್ಟ್ರು ಸೈಕಲ್ಲಿನ ಬೀಗ ತೆಗೆದಾಗಿತ್ತು. ಹೆಡ್‌ಮಿಸ್ ಮಾತ್ರ ಕಾರಿಡಾರಿನಲ್ಲಿ ಕೈಯಲ್ಲಿ ಟೀ ಲೋಟ ಹಿಡಿದು, ತಮ್ಮದೇ ದನಿ ಕೇಳಿ ನಿಂತುಬಿಟ್ಟಿದ್ದರು.

ಅಪ್ಪನನ್ನು ಕರೆದುಕೊಂಡು ಬಾ ಅಂದರು. ಟಿ.ಸಿ. ಕೊಡುತ್ತೇವೆ ಅಂತಲೂ ಮಾತು ಬಂತು. ಆಗ ಕೊಡೆ ಮೇಷ್ಟ್ರು, “ಮೇಡಂ, ಇದಕ್ಕೆ ಶಿಕ್ಷೆ ನಾನು ಕೊಡ್ತೀನಿ, ನನಗೆ ಬಿಡಿ,” ಅಂತ ಕೇಳಿಕೊಂಡರು.

ಆ ಶಿಕ್ಷೆ ಒಂದು ವರ್ಷ ನಡೆಯಿತು. ದಿನಾ ಸಂಜೆ ನಾಲ್ಕೂವರೆಗೆ ನಾನು ಶಾಲೆಯ ಮೆಟ್ಟಿಲ ಮೇಲೆ ನಿಲ್ಲಬೇಕು. ಅವರು ಮೈದಾನದ ಆ ತುದಿಯ ಹುಣಸೆಮರದ ಕೆಳಗೆ. ಕುಮಾರವ್ಯಾಸ ಭಾರತದ ಸಭಾಪರ್ವದ ದ್ರೌಪದಿಯ ಮಾತನ್ನು ಅವರೇ ನಾಟಕಕ್ಕೆ ಹೊಂದಿಸಿ ಬರೆದಿದ್ದರು. ನಾನು ಹೇಳುತ್ತಾ ಹೋಗುವುದು, ವಾಕ್ಯ ಪೂರ್ತಿ ಕೇಳಿಸಿದರೆ ಅವರು ಕೊಡೆ ಮೇಲೆತ್ತುವುದು. ಮೊದಲ ವಾರ ಕೊಡೆ ಏಳಲೇ ಇಲ್ಲ. ಕಿರುಚಿದರೂ ಏಳಲಿಲ್ಲ. ಹತ್ತಿರ ಬಂದು ಹೇಳಿದರು: “ಕಿರುಚಬೇಡ ಕಣಮ್ಮ. ಶುರು ಚೆನ್ನಾಗಿದೆ, ಕೊನೆ ನುಂಗ್ತಾ ಇದ್ದೀಯ. ನಮ್ಮ ಭಾಷೇಲಿ ಕ್ರಿಯಾಪದ ಕೊನೇಲಿ ಬರೋದು. ಬಂದನೋ, ಬರಲಿಲ್ಲವೋ ಅನ್ನೋದು ಕೊನೇಲಿ ತಾನೆ ತಿಳಿಯೋದು? ಕೊನೆಗೆ ಅಂತ ಸ್ವಲ್ಪ ಉಸಿರು ಇಟ್ಕೋ.”

ಎಂಟನೆಯ ದಿನವೋ ಒಂಬತ್ತನೆಯ ದಿನವೋ ಕೊಡೆ ಎದ್ದಿತು. ಮರದ ನೆರಳಿನಲ್ಲಿ ಮನುಷ್ಯ ಸರಿಯಾಗಿ ಕಾಣುತ್ತಿರಲಿಲ್ಲ, ಕೊಡೆಯ ತುದಿ ಮಾತ್ರ ಬಿಸಿಲಿಗೆ ಹೊಳೆಯಿತು. ಆಮೇಲೆ ಜಿಲ್ಲಾ ಮಟ್ಟದಲ್ಲಿ ನನಗೆ ಭಾಷಣದಲ್ಲಿ ಮೊದಲ ಬಹುಮಾನ ಬಂತು. ಇವತ್ತಿಗೂ ನಮ್ಮ ಪ್ರಾದೇಶಿಕ ಕಚೇರಿಯಲ್ಲಿ ಯಾವ ಸಮಾರಂಭವಾದರೂ ನಿರೂಪಣೆಗೆ ನನ್ನನ್ನೇ ಕರೆಯುತ್ತಾರೆ. ಕರೆಂಟು ಹೋದರೂ ನನ್ನ ಕಾರ್ಯಕ್ರಮ ನಿಂತದ್ದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಜಯಶ್ರೀ ಅವರನ್ನು ನಾನು ಅಂದಿನಿಂದ ಬಿಡದೆ ಹಿಂಬಾಲಿಸಿದೆ. ಅವರ ತಾಯಿ ಜಿ.ವಿ. ಮಾಲತಮ್ಮ. ಮಗುವಾಗಿದ್ದಾಗಲೇ ಕಂಪನಿಯ ರಂಗ ಹತ್ತಿದವರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಲ್ಕಾಜಿಯವರ ಕೈಕೆಳಗೆ ಕಲಿತು, 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು. ಸಿನಿಮಾ ನೋಡುವವರಿಗೆ ‘ನಾಗಮಂಡಲ’ದ ಕುರುಡವ್ವ ಆಗಿ ಗೊತ್ತು. ನನ್ನ ಮಗನ ವಯಸ್ಸಿನವರಿಗೆ ‘ನನ್ನ ಪ್ರೀತಿಯ ಹುಡುಗಿ’ಯ ಆ ಕಾರಿನ ಹಾಡಿನಿಂದ ಗೊತ್ತು. ನನಗೆ ಅವರೆಂದರೆ ‘ಕರಿಮಾಯಿ’. ಕಂಬಾರರ ಕಾದಂಬರಿಯಿಂದ ಕಟ್ಟಿದ ಆ ನಾಟಕಕ್ಕೆ ಬೇಕೆಂದೇ ಕಟ್ಟಕಡೆಯ ಸಾಲಿನಲ್ಲಿ ಕೂತೆ. ಜಯಶ್ರೀ ಬಾಯಿ ತೆರೆದರು. ಹಾಡು ಎಲ್ಲಿ ಮುಗಿಯಿತು, ಮಾತು ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಆದರೆ ಕೊನೆಯ ಅಕ್ಷರ ನನ್ನ ಬೆನ್ನ ಹಿಂದಿನ ಗೋಡೆಗೆ ತಾಗಿತು. ಕತ್ತಲಲ್ಲಿ ನನ್ನ ಕೈ ತಾನಾಗಿ ಮೇಲೆದ್ದಿತ್ತು.

2013ರ ಜನವರಿಯಲ್ಲಿ ಪದ್ಮಶ್ರೀ ಪಟ್ಟಿ ಬಂದ ಮಾರನೆಯ ದಿನ, ಬೆಳಿಗ್ಗೆ ಆರಕ್ಕೇ ಮೇಷ್ಟ್ರ ಫೋನು. “ನಮ್ಮ ಹುಡುಗಿಗೆ ಪದ್ಮಶ್ರೀ ಬಂತು ಕಣಮ್ಮ! ತಾತನಿಗೆ ಎಪ್ಪತ್ತೆರಡರಲ್ಲಿ, ಮೊಮ್ಮಗಳಿಗೆ ಈಗ.” ಜಯಶ್ರೀ ಅವರನ್ನು ಅವರು ಮುಖಾಮುಖಿ ಕಂಡವರೇ ಅಲ್ಲ. ಆ ಹೊತ್ತಿಗೆ ಆಕೆ ರಾಜ್ಯಸಭೆಯ ಸದಸ್ಯೆ, ಮೈಸೂರಿನ ರಂಗಾಯಣವನ್ನು ನಡೆಸಿ ಬಂದವರು. ಮೇಷ್ಟ್ರಿಗೆ ಮಾತ್ರ ಗುಬ್ಬಿಯ ಹುಡುಗಿಯೇ.

ಒಂದು ಬೇಸರ ಹೇಳದೆ ಇರಲಾರೆ. ಹೋದ ವರ್ಷ ತಮ್ಮನ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಬಣ್ಣ, ಬೆಳಕು, ಎಲ್ಇಡಿ ಪರದೆ, ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ನಾಟಕದ ಮಾತೆಲ್ಲ ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿತ್ತು. ಮಕ್ಕಳು ಬರೀ ತುಟಿ ಆಡಿಸಿದರು. ಕಿತ್ತೂರು ಚೆನ್ನಮ್ಮನ ಪಾತ್ರದ ಆ ಪುಟ್ಟಿ ಮನೆಯಲ್ಲಿ ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುವವಳು, ಅವಳ ಬಾಯಿಂದ ಯಾರದೋ ದೊಡ್ಡವರ ದನಿ ಬರುತ್ತಿತ್ತು. ಜಯಶ್ರೀ ದನಿ ಕೊಟ್ಟದ್ದು ಕನ್ನಡ ಬಾರದ ನಟಿಯರ ಪಾತ್ರ ಕನ್ನಡದಲ್ಲಿ ಬದುಕಲಿ ಅಂತ. ಕನ್ನಡ ಬರುವ ಮಗುವಿಗೆ ಎರವಲು ದನಿ ಯಾಕೆ? ತಪ್ಪಿದರೆ ತಪ್ಪಲಿ, ನಡುಗಿದರೆ ನಡುಗಲಿ, ಅದರದೇ ಮಾತು ಆಡಲಿ.

ನಮ್ಮ ಶಾಲೆಯಲ್ಲೂ ಈಗ ಅದೇ ಟ್ರ್ಯಾಕ್ ಪದ್ಧತಿ ಬಂದಿದೆ ಅಂತ ಮೇಷ್ಟ್ರ ನುಡಿನಮನದ ದಿನ ಕೇಳಿದೆ. ಮುಂದಿನ ವಾರ್ಷಿಕೋತ್ಸವಕ್ಕೆ ಒಂದೇ ಒಂದು ನಾಟಕ ಟ್ರ್ಯಾಕ್ ಇಲ್ಲದೆ ಮಾಡಿಸಲು ಒಪ್ಪುವುದಾದರೆ ನಾನು ಎರಡನೇ ಮತ್ತು ನಾಲ್ಕನೇ ಶನಿವಾರ ಬರುತ್ತೇನೆ, ಅವತ್ತು ಬ್ಯಾಂಕಿಗೆ ರಜೆ. ಹುಣಸೆಮರವನ್ನು ರಸ್ತೆಗೆಂದು ಕಡಿದಿದ್ದಾರೆ, ನೀರಿನ ಟ್ಯಾಂಕಿನ ಹತ್ತಿರ ನಿಂತರೆ ಹೆಚ್ಚುಕಮ್ಮಿ ಅಷ್ಟೇ ದೂರ ಆಗುತ್ತದೆ, ಹೆಜ್ಜೆ ಹಾಕಿ ಅಳೆದು ನೋಡಿದ್ದೇನೆ. ಕೊಡೆ ನಾನೇ ತರುತ್ತೇನೆ.