ಹಾಲ್‌ಸ್ಯಾಂಡ್ಸ್ ಮಾಡೆಲ್: ಈಗ ಬೀಚಿನ ಸರದಿ

ಥರ್ಮಾಕೋಲ್ ಕೆತ್ತಿ ಪ್ಲಾಸ್ಟರ್ ಹಚ್ಚಿದ ಬಂಡೆ ಒಣಗಿದೆ. ರಟ್ಟಿನ ಮನೆಗಳೂ ಮುಗಿದಿವೆ. ನಿಜದ ಒಂದು ಅಡಿಗೆ ಮಾಡೆಲ್‌ನಲ್ಲಿ ಎರಡು ಮಿಲಿಮೀಟರ್ ಲೆಕ್ಕ. ಇನ್ನುಳಿದಿರುವುದು ಬೀಚು. ಇಷ್ಟೆಲ್ಲ ಮಾಡ್ತಿರೋದೇ ಅದಕ್ಕೋಸ್ಕರ ಅಲ್ವಾ!

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಇಂಗ್ಲೆಂಡಿನ ದಕ್ಷಿಣ ಡೆವನ್‌ನಲ್ಲಿ, ಸ್ಟಾರ್ಟ್ ಪಾಯಿಂಟ್ ಹತ್ತಿರ, ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಬಂಡೆಗೆ ಅಂಟಿಕೊಂಡಿದ್ದ ಮೀನುಗಾರರ ಪುಟ್ಟ ಊರು ಹಾಲ್‌ಸ್ಯಾಂಡ್ಸ್. 1891ರಲ್ಲಿ 37 ಮನೆ, 159 ಜನ, ಲಂಡನ್ ಇನ್ ಅಂತ ಒಂದು ಪಬ್. ಏಡಿ ಹಿಡಿಯುವುದೇ ಮುಖ್ಯ ಕಸುಬು. 1897ರಲ್ಲಿ ಪ್ಲಿಮತ್ ಬಳಿಯ ಕೀಹಮ್ ನೌಕಾ ಡಾಕ್‌ಯಾರ್ಡ್ ವಿಸ್ತರಣೆಗೆ ಅಂತ ಊರಿನ ಮುಂದಿನ ಕಡಲಿಂದ ಜಲ್ಲಿ ಎತ್ತಲು ಶುರು ಮಾಡಿದರು. ದಿನಕ್ಕೆ 1,600 ಟನ್‌ವರೆಗೂ! ಊರವರು ಗಲಾಟೆ ಮಾಡಿದಾಗ ವಿಚಾರಣೆಯೂ ನಡೆಯಿತು. ಊರಿಗೆ ಅಂಥ ಅಪಾಯವೇನಿಲ್ಲ ಅಂದುಬಿಟ್ಟರು. ತೆಗೆದಷ್ಟನ್ನು ಸಮುದ್ರವೇ ತುಂಬಿಕೊಡುತ್ತದೆ ಅನ್ನೋ ನಂಬಿಕೆ. ಆದರೆ ಆ ಜಲ್ಲಿ ಹಿಮಯುಗದ ನಂತರ ಕಡಲು ಏರಿದಾಗ ಬಂದು ಸೇರಿದ್ದು. ಹೊಸದು ಎಲ್ಲಿಂದ ಬರಬೇಕು? ಬೀಚು ಆಳೆತ್ತರಕ್ಕೂ ಜಾಸ್ತಿ ಕುಸಿಯಿತು. 1902ರ ಜನವರಿಯಲ್ಲಿ ಜಲ್ಲಿ ಎತ್ತುವ ಲೈಸೆನ್ಸ್ ರದ್ದಾಯಿತು. 1917ರ ಜನವರಿ 26ರಂದು ಮೂಡಣ ಬಿರುಗಾಳಿಯೂ ಭಾರಿ ಉಬ್ಬರವೂ ಒಟ್ಟಿಗೇ ಬಂದವು. ಯಾರೂ ಸಾಯಲಿಲ್ಲ. ಆದರೆ ಆ ವರ್ಷ ಮುಗಿಯುವಷ್ಟರಲ್ಲಿ ವಾಸಕ್ಕೆ ಯೋಗ್ಯವಾಗಿ ಉಳಿದಿದ್ದು ಒಂದೇ ಮನೆ.

ಈ ಊರಿನ ಕಥೆ ಹೇಳುವವರು ಬಿರುಗಾಳಿಯ ರಾತ್ರಿಯನ್ನೇ ಜಾಸ್ತಿ ಹೇಳುತ್ತಾರೆ. ನನಗೆ ಅದಕ್ಕಿಂತ ಜಲ್ಲಿಯದ್ದೇ ದೊಡ್ಡ ವಿಷಯ. ಅದಕ್ಕೇ ಬೀಚನ್ನು ತಟ್ಟೆ ಥರ ಎತ್ತಿ ತೆಗೆಯುವ ಹಾಗೆ ಮಾಡುತ್ತಿದ್ದೇನೆ. ತಟ್ಟೆ ಇದ್ದಾಗ ಜಲ್ಲಿ ಮನೆಗಳ ಮುಂದಿನ ಗೋಡೆಯ ಬುಡಕ್ಕೆ ತಾಗಿರುತ್ತದೆ. ತೆಗೆದರೆ ಎರಡು ಸೆಂಟಿಮೀಟರ್ ಕೆಳಗೆ ಬರೀ ಬಂಡೆ. ಹನ್ನೊಂದು ಮಿಲಿಮೀಟರಿನ ಮೀನುಗಾರನ ಬೊಂಬೆಯನ್ನು ಅಲ್ಲಿ ನಿಲ್ಲಿಸಿ ನೋಡಿದೆ. ಗೋಡೆಯ ಬುಡ ಅವನ ತಲೆಗಿಂತ ಎಷ್ಟೋ ಮೇಲಿದೆ.

ಜಲ್ಲಿಗೆ ಚಿರೋಟಿ ರವೆಯ ಗಾತ್ರ ಸರಿಹೋಗುತ್ತಿತ್ತು, ಆದರೆ ಇರುವೆಗಳಿಗೆ ಹಬ್ಬ. ಹೊಳೆ ಮರಳನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿದೆ. ಅಲ್ಲಿಯ ಜಲ್ಲಿ ಹೆಚ್ಚಾಗಿ ಚಕಮಕಿ ಕಲ್ಲು, ಕಂದು ಛಾಯೆಯದ್ದು. ಒಂದು ಕೈ ತೆಳು ಕಂದು ಬಣ್ಣ ಕೊಟ್ಟರೆ ಸಾಕು.

ಮನೆಗಳನ್ನೂ ಕಳಚುವಂತೆ ಸುಮ್ನೆ ಕೂರಿಸಿದ್ದೇನೆ. ಕೊನೆಗೆ ಉಳಿದ ಆ ಒಂದೇ ಮನೆ, ಎಲಿಜಬೆತ್ ಪ್ರೆಟಿಜಾನ್ ಅವರದ್ದು, ಅದೊಂದನ್ನೇ ಗಟ್ಟಿಯಾಗಿ ಅಂಟಿಸಿರುವುದು. 1964ರಲ್ಲಿ ತೀರಿಕೊಳ್ಳುವವರೆಗೂ ಆಕೆ ಅಲ್ಲೇ ಇದ್ದರು.

ಮುಂದಿನ ಕೆಲಸ ಏಡಿ ಬುಟ್ಟಿಗಳು. ಅಲ್ಲಿನವರು ವಿಲೋ ಕಡ್ಡಿಯಲ್ಲಿ ಹೆಣೆಯುತ್ತಿದ್ದರು. ನಾನು ಹಳೆ ಚಾರ್ಜರ್ ವೈರಿನೊಳಗಿನ ತಾಮ್ರದ ಎಳೆ ಬಿಡಿಸುತ್ತಿದ್ದೇನೆ.